ಬಿಳಿ ರಕ್ತಕಣಗಳ ಸಂಖ್ಯೆಯನ್ನೂ ವಿವರಿಸಿ

ಮಾನ್ಯ ಸಂಪಾದಕರೇ,

ಹೃದಯದ ಮಾತು ಬಂದರೆ ಎಲ್ಲರೂ ಕೊಲೆಸ್ಟ್ರಾಲ್ ಬಗ್ಗೆಯೇ ಕೇಳುತ್ತಾರೆ. ಬಿಳಿ ರಕ್ತಕಣಗಳ ಸುದ್ದಿ ಯಾರೂ ಎತ್ತುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಹೃದಯಾಘಾತವಾದಾಗ ಸತ್ತ ಸ್ನಾಯುವನ್ನು ತೆರವು ಮಾಡಲು ಮೊದಲು ಧಾವಿಸುವುದು ನ್ಯೂಟ್ರೋಫಿಲ್‌ಗಳು, ಬಳಿಕ ಮೊನೊಸೈಟ್‌ಗಳು; ಎರಡೂ ಬಿಳಿ ರಕ್ತಕಣಗಳ ಬಗೆಗಳೇ. ಗಾಯ ಮಾಯಲು ಅವು ಬೇಕೇ ಬೇಕು. ಆದರೆ ಅವುಗಳ ಆರ್ಭಟ ಅತಿಯಾದರೆ ಉಳಿದ ಸ್ನಾಯುವಿಗೂ ಪೆಟ್ಟು. ಆಘಾತದ ಹೊತ್ತಿಗೆ ಈ ಕಣಗಳು ಹೆಚ್ಚಿದ್ದವರಲ್ಲಿ ಸಾವು, ಹೃದಯ ವೈಫಲ್ಯ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಹಿಂದೆ ಹೃದಯಾಘಾತವಾದವರ ಮೇಲೆ ನಡೆದ ಕ್ಯಾಂಟೋಸ್ ಎಂಬ ಔಷಧ ಪ್ರಯೋಗದಲ್ಲಂತೂ (ಫಲಿತಾಂಶ 2017ರಲ್ಲಿ) ಕೊಲೆಸ್ಟ್ರಾಲ್ ಇಳಿಸದೆ, ಈ ಕಣಗಳು ಪಾಲ್ಗೊಳ್ಳುವ ಉರಿಯೂತವನ್ನಷ್ಟೇ ತಗ್ಗಿಸಿದಾಗ ಮರು ಆಘಾತಗಳು ಕಡಿಮೆಯಾದವು. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಬಿಳಿ ರಕ್ತಕಣಗಳ ಸಂಖ್ಯೆ ಸಿಗುತ್ತದೆ; ಸೋಂಕು, ಧೂಮಪಾನದಿಂದಲೂ ಅದು ಏರಬಹುದು, ನಿಜ. ಅದಕ್ಕೇ ವೈದ್ಯರು ರೋಗಿಗೆ ಅದನ್ನು ಬಿಡಿಸಿ ಹೇಳಬೇಕು.

– ಒಬ್ಬ ಓದುಗ