ಫುಟ್‌ಪಾತ್ ಮೇಲೆ ಸೈಕಲ್ ತುಳಿಯುವುದು ಬೇಡ

ಸೈಕಲ್ ಬಳಗದ ಎಲ್ಲರಿಗೂ ನಮಸ್ಕಾರ. ಮೈಸೂರಿನ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತ್ ಮೇಲೆ ನಮ್ಮವರು ಸೈಕಲ್ ಓಡಿಸುತ್ತಾರೆ ಎಂಬ ದೂರು ಜಾಸ್ತಿಯಾಗಿದೆ. ರಸ್ತೆಯಲ್ಲಿ ಬಸ್ಸು, ಆಟೋಗಳ ಕಾಟ ಇದೆ, ನಿಜ. ಹಾಗಂತ ಹೂ ಕೊಳ್ಳಲು ನಿಂತ ಅಜ್ಜಿಯನ್ನು ಹೆದರಿಸುವುದು ಸರಿಯಲ್ಲ ಅಲ್ವಾ? ಸೈಕಲ್‌ಗೆ ಸದ್ದೇ ಇಲ್ಲ. ನಡೆಯುವವರು ಅಂಗಡಿ ಕಂಡು ತಟ್ಟನೆ ತಿರುಗಿದರೆ ಮುಗಿಯಿತು. ಹಿಂದಿನಿಂದ ಬೆಲ್ ಹೊಡೆದರಂತೂ ಗಾಬರಿಯಲ್ಲಿ ಯಾವ ಕಡೆ ಸರಿಯುತ್ತಾರೋ ಗೊತ್ತಾಗುವುದಿಲ್ಲ. ಅಂಗಡಿ ಸಾಮಾನು, ನಿಲ್ಲಿಸಿದ ಸ್ಕೂಟರ್ ಬಿಟ್ಟು ಉಳಿಯುವ ಜಾಗವೇ ಸ್ವಲ್ಪ! ಸರಿಯಾದ ಫುಟ್‌ಪಾತ್ ಪಾದಚಾರಿಗಳ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಫುಟ್‌ಪಾತ್ ಹತ್ತಲೇಬೇಕಾದರೆ ಇಳಿದು ತಳ್ಳಿಕೊಂಡು ಹೋಗಿ. ನಗರದ ಬಾಡಿಗೆ ಸೈಕಲ್ ಸೇವೆ ‘ಟ್ರಿಣ್ ಟ್ರಿಣ್’ನಿಂದ ಸೈಕಲ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಸಂಜೆ ಹೊತ್ತು ಮಾರ್ಕೆಟ್ ಕಡೆಗೆ ಗುಂಪಾಗಿ ಹೋಗುವುದು ಸದ್ಯಕ್ಕೆ ಬೇಡ.