ಒಂದು ಸನ್ನದಿನ ಕತೆ ನಮ್ಮ ಕೋರ್ಟಿನಲ್ಲಿರಲಿ

ಸಂಪಾದಕರಿಗೆ ನಮಸ್ಕಾರ.

ನಾನು ತುರುವನೂರಿನವಳು. 22 ವರ್ಷದಿಂದ ಚಿತ್ರದುರ್ಗದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಡಿಸೆಂಬರ್ 10 ಬಂದರೆ ಎಸ್. ನಿಜಲಿಂಗಪ್ಪನವರ ಜಯಂತಿ. ಸೀಬಾರದ ಸ್ಮಾರಕಕ್ಕೆ ಹಾರ ಹಾಕುತ್ತಾರೆ. ಏಕೀಕರಣಕ್ಕೆ ದುಡಿದದ್ದು, ಮುಖ್ಯಮಂತ್ರಿಯಾದದ್ದು, 1969ರಲ್ಲಿ ಕಾಂಗ್ರೆಸ್ ಒಡೆದಾಗ ಅದರ ಅಧ್ಯಕ್ಷರಾಗಿದ್ದದ್ದು, ಎಲ್ಲ ಭಾಷಣದಲ್ಲಿ ಬರುತ್ತದೆ. ವಕೀಲ ನಿಜಲಿಂಗಪ್ಪನವರ ಮಾತು ಮಾತ್ರ ಜಾಸ್ತಿ ಕೇಳಿಬರುವುದಿಲ್ಲ.

ಹಲುವಾಗಲಿನಲ್ಲಿ ಹುಟ್ಟಿ, ದಾವಣಗೆರೆ, ಚಿತ್ರದುರ್ಗದಲ್ಲಿ ಓದಿದವರು. 1926ರಲ್ಲಿ ಪುಣೆಯಲ್ಲಿ ಕಾನೂನು ಮುಗಿಸಿ ದುರ್ಗಕ್ಕೇ ಬಂದು ವಕೀಲಿ ಶುರು ಮಾಡಿದರು. 1939ರಲ್ಲಿ ನಮ್ಮೂರಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಜನರ ಪ್ರತಿನಿಧಿಗಳಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಸಂಸ್ಥಾನದ ತುಂಬಾ ಚಳವಳಿ ಎದ್ದಿದ್ದ ಕಾಲ. ಹೆಂಡ ಇಳಿಸುವ ಈಚಲು ಮರಗಳನ್ನು ಜನ ಕಡಿದರು. ಆಗ ನಮ್ಮಜ್ಜಿ ಇನ್ನೂ ಚಿಕ್ಕ ಹುಡುಗಿ. ಊರ ಗಂಡಸರು ಕೊಡಲಿ ಹೆಗಲಿಗೇರಿಸಿ ಹೊರಟದ್ದು, ಹಿಂದೆಯೇ ಪೊಲೀಸರು ಬಂದದ್ದು, ಅಮ್ಮ ತನ್ನನ್ನು ಒಳಗೆ ಎಳೆದು ಬಾಗಿಲು ಹಾಕಿದ್ದು, ಇಷ್ಟನ್ನೇ ನೂರು ಸಲ ಹೇಳುತ್ತಿದ್ದಳು.

ಆ ಹೋರಾಟದಲ್ಲಿ ಸೇರಿದ್ದಕ್ಕೆ ನಿಜಲಿಂಗಪ್ಪನವರು ಜೈಲಿಗೆ ಹೋದರು. ವಕೀಲಿ ಸನ್ನದೂ, ಅಂದರೆ ವಕೀಲಿ ಮಾಡುವ ಪರವಾನಗಿಯೂ ಹೋಯಿತು.

ಸನ್ನದು ಹೋಗುವುದು ಅಂದರೆ ಏನು ಅಂತ ಒಬ್ಬ ವಕೀಲಳಾಗಿ ನನಗೆ ಗೊತ್ತು. ನನ್ನನ್ನು ಲಾ ಓದಿಸಲು ಅಪ್ಪ ಒಂದು ಜೊತೆ ಎತ್ತು ಮಾರಿದ್ದರು. ಮೊದಲ ಎರಡು ವರ್ಷ ಒಂದು ಕೇಸೂ ಇಲ್ಲದೆ, ಸೀನಿಯರ್ ಕೊಟ್ಟ ಬಸ್ ಚಾರ್ಜಿನಲ್ಲಿ ಓಡಾಡಿದೆ. ಆ ಕಾಗದ ಇಲ್ಲದಿದ್ದರೆ ಮನೆ ಮುಂದಿನ ಬೋರ್ಡು ಇಳಿಸಬೇಕು. ಕಕ್ಷಿದಾರರು ಫೈಲು ವಾಪಸ್ ಕೇಳುತ್ತಾರೆ. ಅನ್ನದ ದಾರಿಯೇ ಮುಚ್ಚಿದ ಹಾಗೆ. ಅದು ಗೊತ್ತಿದ್ದೂ ಅವರು ತುರುವನೂರಿಗೆ ಬಂದರಲ್ಲ, ನನಗೆ ಮುಖ್ಯಮಂತ್ರಿ ಪದವಿಗಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಹತ್ತು ವರ್ಷ ತುಂಬುವಷ್ಟರಲ್ಲಿ ಅದೇ ವಕೀಲರು ಸಂವಿಧಾನ ಸಭೆಯಲ್ಲಿ ಕೂತಿದ್ದರು, ಅದೂ ಮುಂಬೈ ಪ್ರಾಂತ್ಯದ ಸದಸ್ಯರಾಗಿ. 1952ರಲ್ಲಿ ಚಿತ್ರದುರ್ಗದ ಜನ ಅವರನ್ನು ಲೋಕಸಭೆಗೆ ಕಳಿಸಿದರು.

ನಮ್ಮಲ್ಲಿಗೆ ಬರುವ ಜೂನಿಯರ್‌ಗಳು ಕೇಳುತ್ತಾರೆ: ‘ಮೇಡಂ, ರಾಜಕೀಯಕ್ಕೆ ಹೋಗಬೇಕಂದ್ರೆ ಯಾರನ್ನ ಹಿಡೀಬೇಕು?’ ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ದಾರಿಯೂ ಇತ್ತು ಅಂತ ನಾವು ಯಾವತ್ತಾದರೂ ತೋರಿಸಿದ್ದೇವಾ?

ಅದಕ್ಕೇ ಒಂದು ಬೇಡಿಕೆ. 1939ರ ಆ ಶಿಕ್ಷೆಯ ತೀರ್ಪು, ಸನ್ನದು ಕಿತ್ತುಕೊಂಡ ಆದೇಶ, ಎರಡನ್ನೂ ಹಳೆಯ ದಾಖಲೆಗಳಲ್ಲಿ ಹುಡುಕಿಸಿ, ದೃಢೀಕೃತ ನಕಲು ಪಡೆದು, ಕಟ್ಟು ಹಾಕಿಸಿ ನಮ್ಮ ವಕೀಲರ ಸಂಘದ ಗೋಡೆಗೆ ತೂಗುಹಾಕಬೇಕು. ಜಿಲ್ಲಾಡಳಿತ, ಪತ್ರಾಗಾರ ಇಲಾಖೆ ಮನಸ್ಸು ಮಾಡಲಿ. ಅರ್ಜಿ ನಾನು ಬರೆಯುತ್ತೇನೆ. ನಕಲು ಶುಲ್ಕವನ್ನೂ ನಾನೇ ಕಟ್ಟುತ್ತೇನೆ.

— ಓರ್ವ ವಕೀಲೆ, ಚಿತ್ರದುರ್ಗ