ಹೆಪ್ಪುಗಟ್ಟುವ ರಾತ್ರಿಗೆ ಮುನ್ನ ನೆರವಾದ ಅಪರಿಚಿತರಿಗೆ

ಕಳೆದ ವಾರ ತಂಗುದಾಣದಲ್ಲಿ ನನ್ನ ಮೋಟರ್‌ಹೋಮಿನ, ಅಂದರೆ ಒಳಗೇ ವಾಸಿಸಬಹುದಾದ ಮನೆಯಂಥ ವಾಹನದ, ಪಕ್ಕದಲ್ಲೇ ವಾಹನ ನಿಲ್ಲಿಸಿದ್ದು, ಹೆಸರನ್ನೂ ಹೇಳದೆ ಬೆಳಿಗ್ಗೆ ಹೊರಟುಹೋದ ಹಿರಿಯರೇ, ತಮಗೆ ನನ್ನ ಹೃತ್ಪೂರ್ವಕ ಕೃತಜ್ಞತೆಗಳು. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಲಿದ್ದ ಆ ಸಂಜೆ, ನಲ್ಲಿಗಳನ್ನು ತೆರೆದು ಕೊಳವೆಗಳ ನೀರನ್ನು ಬಸಿದರೆ ಸಾಕೆಂದು ನಾನು ನಂಬಿದ್ದೆ. ಆದರೆ ನೀರು ಕಾಯಿಸುವ ಹೀಟರಿನ ತೊಟ್ಟಿಯಲ್ಲಿ ನೀರು ಹಾಗೆಯೇ ಉಳಿದಿರುತ್ತದೆ, ಮಂಜುಗಡ್ಡೆಯಾಗುವಾಗ ಅದು ಸುಮಾರು ಶೇ. 9ರಷ್ಟು ಹಿಗ್ಗಿ ತೊಟ್ಟಿಯನ್ನೇ ಸೀಳಬಲ್ಲದು ಎಂದು ತಿಳಿಸಿದವರು ತಾವು.

ಗ್ಯಾಸ್, ವಿದ್ಯುತ್ತು ಮತ್ತು ಪಂಪನ್ನು ನಿಲ್ಲಿಸಿ, ನೀರು ಪೂರ್ತಿ ತಣಿದು, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿದ ಮೇಲಷ್ಟೇ ನೀರನ್ನು ಹೊರಬಿಡುವ ತೊಟ್ಟಿಯ ತಳದ ಬಿರಡೆಗೆ ಕೈಹಾಕಲು ತಾವು ಬಿಟ್ಟಿರಿ. ನನ್ನ ಅವಸರಕ್ಕೆ ಬಿಟ್ಟಿದ್ದರೆ ಕುದಿನೀರು ನನ್ನ ಮೈಮೇಲೆಯೇ ಚಿಮ್ಮುತ್ತಿತ್ತು. ದ್ರವವು ಹೀಟರಿನ ತೊಟ್ಟಿಗೆ ಹೋಗದೆ ಪಕ್ಕದಿಂದ ಸಾಗುವಂತೆ ಮಾಡುವ ಬೈಪಾಸ್ ಕವಾಟವನ್ನು ತಿರುಗಿಸದೆ, ಕೊಳವೆಗಳು ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ದ್ರವವನ್ನು ಹರಿಸಿದರೆ ಅದು ತೊಟ್ಟಿಯನ್ನು ತುಂಬುವುದರಲ್ಲೇ ವ್ಯರ್ಥವಾಗುತ್ತದೆ ಎಂಬುದನ್ನೂ, ಕುಡಿಯುವ ನೀರಿನ ಕೊಳವೆಗಳಿಗೆ ಪ್ರೊಪಿಲೀನ್ ಗ್ಲೈಕಾಲ್‌ನಿಂದ ತಯಾರಿಸಿದ, ಅದಕ್ಕೆಂದೇ ಇರುವ ದ್ರವ ಮಾತ್ರ ಸಲ್ಲುತ್ತದೆ, ಎಂಜಿನ್ನಿನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ವಿಷಕಾರಿ ಎಂಬುದನ್ನೂ ಕತ್ತಲಲ್ಲಿ ಟಾರ್ಚು ಹಿಡಿದು ನಿಂತೇ ವಿವರಿಸಿದಿರಿ. ಇಷ್ಟು ಸಹನೆಯಿಂದ ನನಗೆ ಯಾರೂ ಕಲಿಸಿರಲಿಲ್ಲ.

ಖಾಲಿ ತೊಟ್ಟಿಯಲ್ಲಿ ವಿದ್ಯುತ್ ಕಾಯಿಲನ್ನು ಚಾಲೂ ಮಾಡಿದರೆ ಅದು ಬೇಗನೆ ಸುಟ್ಟುಹೋಗುತ್ತದೆಂದು ಬರೆದು ತಾವು ಸ್ವಿಚ್ಚಿನ ಮೇಲೆ ಅಂಟಿಸಿದ ಚೀಟಿ ಇನ್ನೂ ಅಲ್ಲೇ ಇದೆ; ಚಳಿ ಕಳೆದು, ತೊಟ್ಟಿಯನ್ನು ಮತ್ತೆ ತುಂಬಿಸಿ, ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದೆ ಧಾರೆಯಾಗಿ ನೀರು ಬರುವವರೆಗೂ ನಾನದನ್ನು ತೆಗೆಯುವುದಿಲ್ಲ.